ವಿಮಾನ ಹತ್ತುವ ಮೊದಲು ಎಜೆಕ್ಷನ್ ಸೀಟಿನಲ್ಲಿ ಅಷ್ಟೊಂದು ಏನು ನೋಡುತ್ತಾರೆ?

ನಿಮ್ಮ ಮಗ ಕೂಡಿಗೆಯ ಸೈನಿಕ ಶಾಲೆಯಲ್ಲಿ ಓದಿ, ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮುಗಿಸಿ, ಈಗ ಡುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಹಾರಾಟ ಕಲಿಯುತ್ತಿದ್ದಾನೆ ಎಂದು ಬರೆದಿದ್ದೀರಿ. "ಹಾರುವುದಕ್ಕಿಂತ ಮುಂಚೆ ಸೀಟು ನೋಡುವುದೇ ದೊಡ್ಡ ಕೆಲಸ" ಎಂದು ಫೋನಿನಲ್ಲಿ ಹೇಳಿದನಂತೆ. ಅಪಾಯ ಬಂದಾಗ ಪೈಲಟನ್ನು ಕೂತಲ್ಲಿಂದಲೇ ವಿಮಾನದ ಹೊರಗೆ ಎಸೆದು ಪ್ಯಾರಾಚೂಟಿನಲ್ಲಿ ಇಳಿಸುವ ಎಜೆಕ್ಷನ್ ಸೀಟು ಅದು. ಅಷ್ಟು ಹೊತ್ತು ಏನು ನೋಡುತ್ತಾರೆ, ಆ ಸೀಟು ತಾನಾಗಿಯೇ ಸಿಡಿದುಬಿಡಬಹುದಾ, ಪಿನ್ ಹಾಕಿದ್ದರೆ ಭಯವಿಲ್ಲ ಅಲ್ವಾ ಎಂದು ಕೇಳಿದ್ದೀರಿ.

ನಾನು ಪೈಲಟ್ ಅಲ್ಲ. ವಾಯುಪಡೆಯಲ್ಲಿ ವೆಪನ್ ಫಿಟ್ಟರ್ ಆಗಿದ್ದೆ. ಎಜೆಕ್ಷನ್ ಸೀಟಿನ ಒಳಗೆ ಸಿಡಿಮದ್ದಿನ ಕಾರ್ಟ್ರಿಜ್‌ಗಳು ಇರುತ್ತವೆ. ಹಾಗಾಗಿ ಅದು ಬಾಂಬು, ರಾಕೆಟ್ ನೋಡಿಕೊಳ್ಳುವ ನಮ್ಮ ಕೈಗೇ ಬರುತ್ತಿತ್ತು. ಬೀದರ್‌ನಲ್ಲಿ ನಾನು ನೋಡಿಕೊಂಡ ತರಬೇತಿ ಜೆಟ್‌ಗಳು ಮೊದಲು ಕಿರಣ್, ಆಮೇಲೆ ಹಾಕ್. ಏಣಿಯ ಮೇಲೆ ನಿಂತು ನಿಮ್ಮ ಮಗನ ವಯಸ್ಸಿನ ಹುಡುಗರಿಗೆ ಬೆಲ್ಟ್ ಕಟ್ಟಿದವನು ನಾನು. ಈಗ ವಿರಾಜಪೇಟೆ ಕಡೆ ತೋಟ ನೋಡಿಕೊಂಡು ಇದ್ದೇನೆ. ಈ ವಿಷಯ ಯಾರಾದರೂ ಕೇಳಿದರೆ ಸುಮ್ನೆ ಕೂರಲು ನನಗೆ ಆಗುವುದಿಲ್ಲ.

ಮೊದಲು ಒಂದು ಮಾತು. ಈ ಸೀಟಿನಿಂದ ನಾವು ಎರಡು ವಿರುದ್ಧ ಕೆಲಸ ಬಯಸುತ್ತೇವೆ. ನೆಲದ ಮೇಲೆ ಅದು ಯಾವ ಕಾರಣಕ್ಕೂ ಸಿಡಿಯಬಾರದು. ಆಕಾಶದಲ್ಲಿ ಎಳೆದ ಕ್ಷಣ ಸಿಡಿಯಲೇಬೇಕು. ಸೀಟು ಸಿಡಿಸುವ ಹಿಡಿಕೆಯನ್ನು ತಡೆದು ಹಿಡಿಯುವ ಪಿನ್ ನೆಲದಲ್ಲಿ ಇಲ್ಲದಿದ್ದರೆ ಅಪಾಯ. ಆಕಾಶದಲ್ಲಿ ಪಿನ್ ಉಳಿದುಬಿಟ್ಟರೆ ಅಷ್ಟೇ ಅಪಾಯ, ಏಕೆಂದರೆ ಎಷ್ಟು ಎಳೆದರೂ ಹಿಡಿಕೆ ಬರುವುದಿಲ್ಲ. ನಿಮ್ಮ ಮಗ ಮಾಡುವ ಒಂದೊಂದು ಚೆಕ್ ಕೂಡ ಈ ಎರಡರಲ್ಲಿ ಒಂದಕ್ಕೆ ಸೇರಿದ್ದು. ಇದು ತಲೆಯಲ್ಲಿ ಇದ್ದರೆ ಉದ್ದದ ಪಟ್ಟಿ ಬಾಯಿಪಾಠದ ಹಾಗೆ ಕಾಣುವುದಿಲ್ಲ.

ವಿಮಾನದ ಬಳಿ ಬಂದ ಕೂಡಲೇ ಹತ್ತಿ ಕೂರುವ ಹಾಗಿಲ್ಲ. ಮೊದಲು ಏಣಿಯ ಮೇಲಿಂದಲೇ ಕಾಕ್‌ಪಿಟ್ ಒಳಗೆ ನೋಡಬೇಕು. ಸೀಟಿನ ಪಿನ್‌ಗಳು ಇವೆಯಾ? ಚಕ್ರದ ಲಿವರ್ ಕೆಳಗಿದೆಯಾ? ಆಯುಧದ ಸ್ವಿಚ್‌ಗಳು ಸೇಫ್‌ನಲ್ಲಿ ಇವೆಯಾ? ಬ್ಯಾಟರಿ ಆಫ್ ಇದೆಯಾ? ಇಷ್ಟಾದ ಮೇಲೆ ಇಳಿದು ವಿಮಾನಕ್ಕೆ ಒಂದು ಸುತ್ತು. ಟೈರು, ಎಣ್ಣೆ ಸೋರಿಕೆ, ವೇಗ ಅಳೆಯುವ ಪಿಟೋ ಕೊಳವೆಯ ಕವರ್, ಗಾಳಿ ಒಳಗೆ ಹೋಗುವ ಬಾಯಿಯ ಮುಚ್ಚಳ, ಸರಿಯಾಗಿ ಮುಚ್ಚದ ಪ್ಯಾನೆಲ್. ಈ ಭಾಗ ಯಾವ ವಿಮಾನದಲ್ಲಾದರೂ ಹೆಚ್ಚುಕಡಿಮೆ ಒಂದೇ. ಅದನ್ನು ಬಿಟ್ಟು ಸೀಟಿಗೆ ಬರುತ್ತೇನೆ.

ಕೂರುವವನ ತೊಡೆಗಳ ನಡುವೆ ಹಳದಿ-ಕಪ್ಪು ಪಟ್ಟೆಯ ಹಿಡಿಕೆ ಇರುತ್ತದೆ. ಸೀಟು ಹಾರಿಸುವುದು ಅದೇ. ಕಿರಣ್‌ನ ಹಳೆಯ ಸೀಟಿನಲ್ಲಿ ತಲೆಯ ಮೇಲೂ ಒಂದು ಹಿಡಿಕೆ ಇತ್ತು, ಎಳೆದರೆ ಮುಖಕ್ಕೆ ಪರದೆ ಬರುತ್ತಿತ್ತು. ಹಿಡಿಕೆಗೆ ಒಂದು ಪಿನ್, ತಲೆ ಮೇಲಿನ ಪಾರದರ್ಶಕ ಮುಚ್ಚಳವನ್ನು (ಕ್ಯಾನೊಪಿ) ಒಡೆಯುವ ವ್ಯವಸ್ಥೆಗೆ ಇನ್ನೊಂದು. ಪಿನ್‌ಗಳ ಸಂಖ್ಯೆ, ಜಾಗ ವಿಮಾನದಿಂದ ವಿಮಾನಕ್ಕೆ ಬೇರೆ. ಎಲ್ಲದಕ್ಕೂ ಕೆಂಪು ಪಟ್ಟಿ ಕಟ್ಟಿರುತ್ತಾರೆ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಪಿನ್ ಹಾಕಿದ್ದರೆ ಭಯವಿಲ್ಲ ಅಲ್ವಾ? ಇಲ್ಲ, ಅಷ್ಟು ಸಾಲದು. ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ ಇದೇ. ಪಿನ್ ಇದೆಯಾ ಎಂದು ಮಾತ್ರ ನೋಡಬಾರದು. ಹಿಡಿಕೆ ತನ್ನ ಗೂಡಿನಲ್ಲಿ ಪೂರ್ತಿ ಕೂತಿದೆಯಾ ಎಂದು ನೋಡಬೇಕು.

2011ರ ನವೆಂಬರ್ 8ರಂದು ಇಂಗ್ಲೆಂಡಿನ ಸ್ಕ್ಯಾಂಪ್ಟನ್ ವಾಯುನೆಲೆಯಲ್ಲಿ ನಡೆದದ್ದು ಕೇಳಿ. ಬ್ರಿಟಿಷ್ ವಾಯುಪಡೆಯ ಕಸರತ್ತು ತಂಡ ರೆಡ್ ಆರೋಸ್‌ನ ಒಬ್ಬ ಪೈಲಟ್ ಹಾಕ್ ವಿಮಾನದಲ್ಲಿ ಕೂತು ಹಾರಾಟಕ್ಕೆ ಮುಂಚಿನ ಚೆಕ್ ಮಾಡುತ್ತಿದ್ದರು. ವಿಮಾನ ನೆಲದ ಮೇಲೆ ನಿಂತಿತ್ತು. ಸೀಟು ಸಿಡಿಯಿತು. ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ. ಅವರು ಉಳಿಯಲಿಲ್ಲ. ತನಿಖೆಯಲ್ಲಿ ಹೊರಬಂದದ್ದು ಇದು: ಕೆಲವು ದಿನಗಳ ಹಿಂದಿನ ಹಾರಾಟದಲ್ಲೇ ತೊಡೆ ನಡುವಿನ ಪಟ್ಟಿ ಹಿಡಿಕೆಯ ಬಳೆಯೊಳಗೆ ಸಿಕ್ಕಿಕೊಂಡು, ಹಿಡಿಕೆ ತನ್ನ ಜಾಗದಿಂದ ಎದ್ದಿತ್ತು. ಹಾಗೆ ಎದ್ದಿದ್ದರೂ ಪಿನ್ ಒಳಗೆ ಹೋಗುತ್ತಿತ್ತು, ಆದರೆ ಹಿಡಿಕೆಯನ್ನು ತಡೆಯುತ್ತಿರಲಿಲ್ಲ. ನೋಡಿದವರಿಗೆ ಪಿನ್ ಕಂಡಿತು, ಸೀಟು ಸೇಫ್ ಎಂದುಕೊಂಡರು. ಪ್ಯಾರಾಚೂಟ್ ಬಿಚ್ಚದೇ ಇದ್ದುದಕ್ಕೆ ಕಾರಣ ಇನ್ನೊಂದು. ಸೀಟಿನ ತಲೆಯ ಮೇಲಿನ ಶ್ಯಾಕಲ್ ಎಂಬ ಕೊಂಡಿಯ ಬೋಲ್ಟ್ ಅನ್ನು ಜಾಸ್ತಿ ಬಿಗಿ ಮಾಡಿದ್ದರು. ಬಿಟ್ಟುಕೊಳ್ಳಬೇಕಾದ ಹೊತ್ತಿಗೆ ಅದು ಬಿಡಲಿಲ್ಲ. ಹೀಗೆ ಬಿಗಿ ಮಾಡಿದರೆ ಅಪಾಯ ಎಂಬ ಎಚ್ಚರಿಕೆ ಕೊಡದೇ ಇದ್ದುದಕ್ಕೆ ಸೀಟು ತಯಾರಿಸಿದ ಮಾರ್ಟಿನ್-ಬೇಕರ್ ಕಂಪನಿ 2018ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. 11 ಲಕ್ಷ ಪೌಂಡ್ ದಂಡ ಬಿತ್ತು.

ಒಂದೇ ಘಟನೆಯಲ್ಲಿ ನಾನು ಮೇಲೆ ಹೇಳಿದ ಎರಡೂ ತಪ್ಪಿದವು. ಸಿಡಿಯಬಾರದ ಕಡೆ ಸಿಡಿಯಿತು. ಬಿಚ್ಚಬೇಕಾದ್ದು ಬಿಚ್ಚಲಿಲ್ಲ. ಹಾಕ್ ಮೇಲೆ ಕೆಲಸ ಮಾಡಿದ ನಮ್ಮಂಥವರಿಗೆ ಆ ಸುದ್ದಿ ಎಲ್ಲೋ ದೂರದ ಸುದ್ದಿ ಆಗಿರಲಿಲ್ಲ.

ಕೊಡಗಿನವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಕೈಲ್ ಮುಹೂರ್ತಕ್ಕೆ ಕೋವಿ ಹೊರಗೆ ತೆಗೆಯುವಾಗ ಹಿರಿಯರು ಏನು ಮಾಡುತ್ತಾರೆ? "ತೋಟಾ ಇಲ್ಲ" ಎಂದು ಯಾರು ಹೇಳಿದರೂ ನಂಬುವುದಿಲ್ಲ. ಕೋವಿಯನ್ನು ಮಡಚಿ ತೆರೆದು, ನಳಿಗೆ ಬರಿದಾಗಿದೆ ಎಂದು ತಾವೇ ಕಣ್ಣಲ್ಲಿ ನೋಡುತ್ತಾರೆ. ಸೀಟಿನ ವಿಷಯದಲ್ಲೂ ಇದೇ ಬುದ್ಧಿ ಬೇಕು.

ಇನ್ನು ಎರಡನೆಯ ಪ್ರಶ್ನೆ. ಸೀಟು ತಾನಾಗಿಯೇ ಹಾರುವುದಿಲ್ಲ. ಹಿಡಿಕೆಯನ್ನು ಬಲವಾಗಿ ಎಳೆಯಬೇಕು. ಆದರೆ ಎಳೆಯುವುದು ಕೈಯೇ ಆಗಬೇಕು ಎಂದೇನೂ ಇಲ್ಲ. ಸಿಕ್ಕಿಕೊಂಡ ಪಟ್ಟಿ ಎಳೆಯಬಹುದು. ಗಾಬರಿಯಾದ ಮನುಷ್ಯನೂ ಎಳೆಯಬಹುದು. 2019ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸೇಂಟ್-ಡಿಜಿಯೆ ನೆಲೆಯಿಂದ ಹಾರಿದ ಎರಡು ಸೀಟಿನ ರಫಾಲ್‌ನಲ್ಲಿ 64 ವರ್ಷದ ಒಬ್ಬ ನಾಗರಿಕರು ಹಿಂದೆ ಕೂತಿದ್ದರು. ಅವರ ಬೆಲ್ಟ್ ಸಡಿಲ ಇತ್ತು. ಮೇಲೇರುತ್ತಿದ್ದ ವಿಮಾನದ ಮೂಗನ್ನು ಪೈಲಟ್ ಸಮ ಮಾಡಿದಾಗ ಅವರ ದೇಹ ಸೀಟಿನಿಂದ ಮೇಲೆದ್ದಿತು. ಸಿಕ್ಕಿದ್ದನ್ನು ಹಿಡಿದುಕೊಂಡರು. ಸಿಕ್ಕಿದ್ದು ಆ ಹಿಡಿಕೆ. ಅವರು ಹಾರಿಹೋದರು, ಪುಣ್ಯಕ್ಕೆ ಬದುಕಿದರು. ಮುಂದಿನ ಸೀಟೂ ಜೊತೆಗೇ ಹೋಗಬೇಕಿತ್ತು. ಅದು ತಾಂತ್ರಿಕ ದೋಷದಿಂದ ಹೋಗಲಿಲ್ಲ, ಪೈಲಟ್ ವಿಮಾನ ಇಳಿಸಿದರು.

ಹಾಗಾಗಿ ಬೆಲ್ಟ್ ಕಟ್ಟುವ ಕೆಲಸಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ. ಕೂರುವ ಮೊದಲು ಸೀಟಿನ ತಲೆಯ ಹತ್ತಿರ ಒಂದಷ್ಟು ನೋಡುವುದಿದೆ. ಸೀಟನ್ನು ವಿಮಾನಕ್ಕೆ ಹಿಡಿದಿರುವ ಟಾಪ್ ಲಾಚ್ ಪೂರ್ತಿ ಕೂತಿರಬೇಕು. ಅದರ ತುದಿ ಅಂಚಿಗೆ ಸಮವಾಗಿ ಇದೆಯಾ ಎಂದು ಬೆರಳಿಟ್ಟು ನೋಡಬೇಕು. ಲಾಚ್ ಕೂರದಿದ್ದರೆ ವಿಮಾನ ತಲೆಕೆಳಗಾದಾಗ ಸೀಟು ತನ್ನ ಹಳಿಯ ಮೇಲೆ ಸರಿಯಬಹುದು. ಇದನ್ನು ಬರೀ ಕಣ್ಣಲ್ಲಿ ನೋಡಿ ಮುಂದೆ ಹೋಗುವ ಹುಡುಗರನ್ನು ನಾನು ನಿಲ್ಲಿಸಿ ಬೆರಳಿಡಿ ಎನ್ನುತ್ತಿದ್ದೆ. ನೆರಳಿನಲ್ಲಿ ಕಣ್ಣಿಗೆ ಗೊತ್ತಾಗದ ಏರುತಗ್ಗು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಟ್ರಿಪ್ ರಾಡ್‌ಗಳು. ಸೀಟು ಮೇಲೇಳುವಾಗ ಇವು ಎಳೆದುಕೊಂಡರೆ ಮಾತ್ರ ಮೊದಲ ಚಿಕ್ಕ ಪ್ಯಾರಾಚೂಟನ್ನು ಹಾರಿಸುವ ಡ್ರೋಗ್ ಗನ್‌ನ ಮತ್ತು ಮುಖ್ಯ ಪ್ಯಾರಾಚೂಟ್ ಬಿಡುವ ಯಂತ್ರದ ಗಡಿಯಾರ ಶುರುವಾಗುತ್ತದೆ. ಅವು ಜೋಡಿಸಿರಬೇಕು. ತುರ್ತು ಆಮ್ಲಜನಕದ ಬಾಟಲಿಯ ಮುಳ್ಳು ಸರಿಯಾದ ಜಾಗದಲ್ಲಿ ಇರಬೇಕು.

ಕೂತ ಮೇಲೆ, ಕೆಳಗಿಳಿದಾಗ ಬದುಕುಳಿಯಲು ಬೇಕಾದ ಸಾಮಾನಿನ ಸರ್ವೈವಲ್ ಪ್ಯಾಕಿನ ಹಗ್ಗ ಮೈಗೆ ಸಿಕ್ಕಿಸಬೇಕು. ಆಮ್ಲಜನಕ, ರೇಡಿಯೋ, ರಕ್ತ ಕಾಲಿಗೆ ಇಳಿಯದಂತೆ ಒತ್ತಿ ಹಿಡಿಯುವ ಆಂಟಿ-ಜಿ ಸೂಟಿನ ಗಾಳಿ ಸಂಪರ್ಕ ಆಗಬೇಕು. ಕಾಲಿನ ಪಟ್ಟಿಗಳ ಹಗ್ಗ ಕಾಕ್‌ಪಿಟ್‌ನ ನೆಲಕ್ಕೆ ಕಟ್ಟಿರುತ್ತದೆ. ಸೀಟು ಏಳುವಾಗ ಅದು ಕಾಲನ್ನು ಸೀಟಿಗೆ ಎಳೆದು ಹಿಡಿಯುತ್ತದೆ. ಅದು ತಿರುಚಿಕೊಂಡಿದ್ದರೆ, ಒಂದು ಕಾಲಿಗೆ ಹಾಕಿ ಇನ್ನೊಂದಕ್ಕೆ ಮರೆತಿದ್ದರೆ, ಆ ವೇಗದ ಗಾಳಿಯಲ್ಲಿ ಕಾಲು ಎಲ್ಲಿ ಬಡಿಯುತ್ತದೆ ಎಂದು ಹೇಳಲಾಗದು. ಸೊಂಟದ ಬೆಲ್ಟ್ ಮೊದಲು ಬಿಗಿ ಮಾಡಬೇಕು, ಆಮೇಲೆ ಭುಜದ್ದು. ಭುಜದ್ದು ಮೊದಲು ಎಳೆದರೆ ಸೊಂಟದ ಬೆಲ್ಟ್ ಹೊಟ್ಟೆ ಮೇಲೆ ಏರಿಬಿಡುತ್ತದೆ. ತೊಡೆ ನಡುವಿನ ಪಟ್ಟಿ ಹಿಡಿಕೆಯ ಬಳೆಯೊಳಗೆ ಹೋಗಿಲ್ಲ ಎಂದು ಇಲ್ಲಿ ಇನ್ನೊಮ್ಮೆ ನೋಡಬೇಕು.

ಬಿಗಿ ಯಾಕೆ ಅಷ್ಟು ಮುಖ್ಯ ಎಂದರೆ ಬೆನ್ನುಮೂಳೆಗಾಗಿ. ಸೀಟು ಹಾರುವಾಗ ದೇಹದ ತೂಕ ಹತ್ತಾರು ಪಟ್ಟು ಆದ ಹಾಗೆ ಆಗುತ್ತದೆ. ಸೊಂಟ ಮತ್ತು ಸೀಟಿನ ನಡುವೆ ಜಾಗ ಇದ್ದರೆ ಸೀಟು ಮೊದಲು ವೇಗ ಹಿಡಿದು, ಆಮೇಲೆ ದೇಹಕ್ಕೆ ಬಂದು ಗುದ್ದುತ್ತದೆ. ತಲೆ ಹಿಂದಕ್ಕೆ ಒರಗಿರಬೇಕು, ಬೆನ್ನು ನೇರ ಇರಬೇಕು. ಯುದ್ಧದಲ್ಲಿ ಹೊಡೆತ ಬಿದ್ದ ವಿಮಾನದಲ್ಲಿ ಅಷ್ಟು ಸರಿಯಾಗಿ ಕೂರಲು ಸಮಯ ಎಲ್ಲಿ? ನಮ್ಮ ಮಡಿಕೇರಿಯ ಏರ್ ಮಾರ್ಷಲ್ ಕೆ.ಸಿ. ಕಾರ್ಯಪ್ಪ ಅವರು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, 1965ರ ಯುದ್ಧದ ಕೊನೆಯಲ್ಲಿ ಹಂಟರ್ ವಿಮಾನಕ್ಕೆ ಗುಂಡು ಬಿದ್ದು ಎಜೆಕ್ಟ್ ಆದರು. ಬೆನ್ನಿಗೆ ಪೆಟ್ಟಾಯಿತು, ಸೆರೆ ಸಿಕ್ಕರು. ಆದರೆ ಬದುಕಿ ಬಂದರು, ಮತ್ತೆ ಸೇವೆ ಮಾಡಿ ಏರ್ ಮಾರ್ಷಲ್ ಆದರು. ಸೀಟು ಕೊಡುವುದು ಬದುಕನ್ನು. ಪೆಟ್ಟಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಅದು ಮಾತು ಕೊಡುವುದಿಲ್ಲ. ಬೆಲ್ಟಿನ ಬಿಗಿ ಆ ಪೆಟ್ಟನ್ನು ಕಡಿಮೆ ಮಾಡುತ್ತದೆ.

ಇನ್ನೊಂದು, ಜೇಬು. ಪೆನ್ನು, ನಾಣ್ಯ, ಚಿಕ್ಕ ಟಾರ್ಚು, ಯಾವುದೂ ಸಡಿಲ ಇರಬಾರದು. ತಲೆಕೆಳಗಾದಾಗ ಹಾರಿ, ನೇರ ಆದಾಗ ಹೋಗಿ ಕಂಟ್ರೋಲ್‌ಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ವಿಮಾನಕ್ಕೂ ಇದು ತಪ್ಪಿದ್ದಲ್ಲ. 2014ರ ಫೆಬ್ರವರಿಯಲ್ಲಿ ಬ್ರಿಟಿಷ್ ವಾಯುಪಡೆಯ ವಾಯೇಜರ್ ವಿಮಾನದಲ್ಲಿ ಕ್ಯಾಪ್ಟನ್ ಸೀಟಿನ ತೋಳಿಗೂ ವಿಮಾನ ನಡೆಸುವ ಸೈಡ್-ಸ್ಟಿಕ್‌ಗೂ ನಡುವೆ ಒಂದು ಕ್ಯಾಮೆರಾ ಇತ್ತು. ಸೀಟನ್ನು ಮುಂದೆ ಸರಿಸಿದಾಗ ಅದು ಸ್ಟಿಕ್ಕನ್ನು ತಳ್ಳಿತು. ವಿಮಾನ ಒಮ್ಮೆಲೇ 4,400 ಅಡಿ ಕೆಳಗಿಳಿಯಿತು. ಬೀದರ್‌ನಲ್ಲಿ ಒಂದು ಸ್ಕ್ರೂಡ್ರೈವರ್ ಲೆಕ್ಕಕ್ಕೆ ಸಿಗದಿದ್ದರೆ ಅದು ಸಿಗುವವರೆಗೆ ವಿಮಾನ ಬಿಡುತ್ತಿರಲಿಲ್ಲ. ಹುಡುಗರಿಗೆ ಬೇಸರ ಆಗುತ್ತಿತ್ತು. ಆಗಲಿ.

ಒಂದರ ಹಿಂದೆ ಒಂದು ಸೀಟಿರುವ ತರಬೇತಿ ವಿಮಾನದಲ್ಲಿ ಶಿಕ್ಷಕರು ಸಾಮಾನ್ಯವಾಗಿ ಹಿಂದೆ ಇರುತ್ತಾರೆ. ಹಾಕ್‌ನಲ್ಲಿ ಹಿಂದಿನವರ ಬಳಿ ಒಂದು ಲಿವರ್ ಇದೆ. ಅದನ್ನು ಇಟ್ಟ ರೀತಿಯ ಮೇಲೆ ಅವರು ಎಳೆದರೆ ಇಬ್ಬರೂ ಹೋಗುತ್ತಾರಾ, ಒಬ್ಬರೇ ಹೋಗುತ್ತಾರಾ ಎಂದು ತೀರ್ಮಾನ ಆಗುತ್ತದೆ. ಇಬ್ಬರೂ ಹೋಗುವುದಾದರೆ ಹಿಂದಿನ ಸೀಟು ಮೊದಲು ಹೋಗುತ್ತದೆ. ಮುಂದಿನದು ಮೊದಲು ಹೋದರೆ ಅದರ ರಾಕೆಟ್ಟಿನ ಬೆಂಕಿ ಹಿಂದಿನವರ ಮೇಲೆ ಬೀಳುತ್ತದೆ. ಲಿವರ್ ಎಲ್ಲಿದೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡೇ ಹೊರಡಬೇಕು.

ಪಿನ್ ತೆಗೆಯುವುದು ಎಲ್ಲಕ್ಕೂ ಕೊನೆಗೆ. ತೆಗೆದ ಪಿನ್ ಜೇಬಿಗಲ್ಲ, ಅದಕ್ಕೆಂದೇ ಇರುವ ಗೂಡಿಗೆ ಹಾಕಬೇಕು. ಗೂಡಿನಲ್ಲಿ ಎಲ್ಲಾ ಪಿನ್ ಇವೆ ಎಂದರೆ ಸೀಟಿನಲ್ಲಿ ಒಂದೂ ಉಳಿದಿಲ್ಲ ಎಂದರ್ಥ. ಏಣಿ ಮೇಲಿನವನಿಗೂ ಅದು ಕಾಣಬೇಕು. ನಾನು ನೋಡಿ ತಲೆ ಆಡಿಸಿದ ಮೇಲೇ ಕೆಳಗಿಳಿಯುತ್ತಿದ್ದೆ. ಆ ಕ್ಷಣದಿಂದ ಸೀಟು ಜೀವಂತ. ಯಾರೂ ಒಳಗೆ ಕೈ ಹಾಕುವ ಹಾಗಿಲ್ಲ.

ಇಳಿದು ಬಂದು ನಿಂತ ಮೇಲೆ ಮತ್ತೆ ಇದೇ ಕ್ರಮ, ತಿರುಗಿಸಿ. ಮೊದಲು ಹಿಡಿಕೆ ಪೂರ್ತಿ ಕೂತಿದೆಯಾ ನೋಡಿ ಪಿನ್ ಹಾಕಬೇಕು. ಆಮೇಲೆ ಬೆಲ್ಟ್ ಬಿಚ್ಚಬೇಕು. ನನಗೆ ಜಾಸ್ತಿ ಎಚ್ಚರ ಇರುತ್ತಿದ್ದುದು ಈ ಹೊತ್ತಿನಲ್ಲಿ. ಮೊದಲ ಒಂಟಿ ಹಾರಾಟ ಮುಗಿಸಿ ಬಂದ ಹುಡುಗನಿಗೆ ಖುಷಿಯಲ್ಲಿ ಒಮ್ಮೆಲೇ ಎದ್ದು ಬರುವ ಆಸೆ. ಎದ್ದಾಗ ಪಟ್ಟಿ, ಹಗ್ಗ, ಸೂಟಿನ ಟ್ಯೂಬು ಎಲ್ಲಾ ಹಿಡಿಕೆಯ ಸುತ್ತಲೇ ಇರುತ್ತವೆ.

ಊರಿನವರಿಗೂ ಒಂದು ಮಾತು. ಎಲ್ಲಾದರೂ ಬಿದ್ದ ಸೇನಾ ವಿಮಾನದ ಸೀಟು ಕಣ್ಣಿಗೆ ಬಿದ್ದರೆ ಹತ್ತಿರ ಹೋಗಬೇಡಿ, ಫೋಟೋಗೆಂದು ಮುಟ್ಟಬೇಡಿ. ಉರಿಯದ ಕಾರ್ಟ್ರಿಜ್ ಒಳಗೆ ಉಳಿದಿರಬಹುದು. ಪೊಲೀಸರಿಗೆ ತಿಳಿಸಿ. ಪೈಲಟ್ ಇನ್ನೂ ಸೀಟಿನಲ್ಲೇ ಇದ್ದರೆ ಹಳದಿ-ಕಪ್ಪು ಪಟ್ಟೆಯದ್ದನ್ನು ಯಾವುದನ್ನೂ ಎಳೆಯಬೇಡಿ.

ಮಗನ ಪಾಸಿಂಗ್ ಔಟ್‌ಗೆ ಡುಂಡಿಗಲ್‌ಗೆ ಹೋಗುತ್ತೀರಲ್ಲ, ಅಲ್ಲಿ ವಿಮಾನ ಹತ್ತಿರದಿಂದ ನೋಡಲು ಬಿಟ್ಟರೆ ಸೀಟನ್ನು ತೋರಿಸು ಎಂದು ಕೇಳಿ. ಮೊದಲು ಹಿಡಿಕೆ ತೋರಿಸುತ್ತಾನಾ, ಪಿನ್ ತೋರಿಸುತ್ತಾನಾ ನೋಡಿ. ಹಿಡಿಕೆ ತೋರಿಸಿದರೆ ಅವನಿಗೆ ಕಲಿಸಿದವರು ಚೆನ್ನಾಗಿ ಕಲಿಸಿದ್ದಾರೆ.