ಗಿಟಾರ್‌ನಲ್ಲಿ ಆರ್ಪೆಜಿಯೊ ನುಡಿಸಿದರೆ ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತದೆ, ಭಾವ ತರುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ದಾವಣಗೆರೆಯಲ್ಲಿ ಓದುತ್ತಿದ್ದೀರಿ, ಕಾಲೇಜು ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತೀರಿ. ಸಿ, ಎ ಮೈನರ್, ಎಫ್, ಜಿ ಕಾರ್ಡುಗಳು ಕೈಗೆ ಕೂತಿವೆ. ಆದರೆ ಅವನ್ನೇ ಆರ್ಪೆಜಿಯೊ ಆಗಿ, ಅಂದರೆ ಕಾರ್ಡಿನ ಸ್ವರಗಳನ್ನು ಒಟ್ಟಿಗೆ ಬಾರಿಸದೆ ಒಂದೊಂದೇ ತಂತಿ ಬಿಡಿಸಿ ನುಡಿಸಿದರೆ ಜೀವ ಇರುವುದಿಲ್ಲ. ಎಕ್ಸ್‌ಟೆಂಡೆಡ್ ಆರ್ಪೆಜಿಯೊ (ಕಾರ್ಡಿನ ಮೂರು ಸ್ವರದ ಜೊತೆ ಇನ್ನೂ ಸ್ವರ ಸೇರಿಸಿ ಬಿಡಿಸುವುದು) ಕಲಿತರೆ ಸರಿಹೋಗುತ್ತದಾ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ.

ಖಂಡಿತ ಸರಿಹೋಗುತ್ತದೆ. ನಾನೂ ಇದೇ ಊರಿನವನು. ಆರತಕ್ಷತೆ, ಗಣಪತಿ ಹಬ್ಬದ ಆರ್ಕೆಸ್ಟ್ರಾ ಅಂತ ಬಹಳ ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ, ಪಿ.ಜೆ. ಬಡಾವಣೆಯಲ್ಲಿ ಕೆಲವು ಹುಡುಗರಿಗೆ ಹೇಳಿಕೊಡುತ್ತೇನೆ. ನನ್ನ ಅನುಭವದಲ್ಲಿ ಭಾವ ಹುಟ್ಟುವುದು ಹೊಸದಾಗಿ ಸೇರಿಸಿದ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ, ಅಲ್ಲಿಂದ ಎಲ್ಲಿಗೆ ಹೋಗುತ್ತೀರಿ ಅನ್ನುವುದರಿಂದ. ಬರೀ ಸ್ವರ ಜಾಸ್ತಿ ಮಾಡಿದರೆ ಕಸರತ್ತು ಇನ್ನಷ್ಟು ಉದ್ದವಾಗುತ್ತದೆ, ಅಷ್ಟೇ.

ಥಿಯರಿ ಬೇಗ ಮುಗಿಸುತ್ತೇನೆ. ಸಾದಾ ಕಾರ್ಡ್ ಅಂದರೆ ಸ್ಕೇಲಿನ 1, 3, 5ನೇ ಸ್ವರ. ಹೀಗೇ ಒಂದು ಬಿಟ್ಟು ಒಂದು ಹತ್ತುತ್ತಾ ಹೋದರೆ 7, 9, 11, 13 ಸಿಗುತ್ತವೆ. 9 ಅಂದರೆ ಮೇಲಿನ ಸ್ಥಾಯಿಯ 2, 11 ಅಂದರೆ 4, 13 ಅಂದರೆ 6. ಅಲ್ಲಿಗೆ ಏಳೂ ಸ್ವರ ಮುಗಿದವು. ಸಿ ಮೇಜರ್‌ಗೆ ಸಿ, ಇ, ಜಿ. ಅದಕ್ಕೆ ಬಿ ಸೇರಿದರೆ ಮೇಜರ್ ಸೆವೆಂತ್, ಡಿ ಕೂಡ ಸೇರಿದರೆ ಮೇಜರ್ ನೈನ್ತ್.

ಈಗ ಗಿಟಾರ್ ಕೈಗೆ ತೆಗೆದುಕೊಳ್ಳಿ. ಅತಿ ತೆಳುವಾದ ತಂತಿ 1ನೇದು, ಅತಿ ದಪ್ಪದ್ದು 6ನೇದು. ಫ್ರೆಟ್ ಅಂದರೆ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ. ಉಂಗುರ ಬೆರಳನ್ನು 5ನೇ ತಂತಿಯ 3ನೇ ಫ್ರೆಟ್ ಮೇಲೆ ಇಡಿ, ಅದು ಸಿ. ಬೆರಳನ್ನು ಚೆನ್ನಾಗಿ ಬಾಗಿಸಿ, ಪಕ್ಕದ 4ನೇ ತಂತಿಗೆ ತಾಗಬಾರದು. ಬೇರೆ ಯಾವ ಬೆರಳೂ ಬೇಡ. ಹೆಬ್ಬೆರಳಿನಿಂದ ಆ ಸಿ ಮೀಟಿ, ಆಮೇಲೆ 4, 3, 2, 1ನೇ ತಂತಿಗಳನ್ನು ಖಾಲಿಯಾಗಿಯೇ ಒಂದೊಂದಾಗಿ ಬಿಡಿಸಿ. ಡಿ, ಜಿ, ಬಿ, ಇ. ಇದು ಪೂರ್ತಿ ಸಿ ಮೇಜರ್ ನೈನ್ತ್. ಒಂದೇ ಬೆರಳಿನಲ್ಲಿ!

ಬಲಗೈ ಅದೇ ನಾಲ್ಕು ಖಾಲಿ ತಂತಿ ನುಡಿಸುತ್ತಿರಲಿ, ಹೆಬ್ಬೆರಳಿನ ಬೇಸ್ ಮಾತ್ರ ಬದಲಿಸಿ. 5ನೇ ತಂತಿ ಖಾಲಿ ಬಿಟ್ಟರೆ ಎ. ಈಗ ಅದೇ ಡಿ 11 ಆಯಿತು, ಜಿ 7 ಆಯಿತು, ಬಿ 9 ಆಯಿತು. ಬಣ್ಣ ಇದ್ದಕ್ಕಿದ್ದ ಹಾಗೆ ಮಬ್ಬಾಗುತ್ತದೆ. ಮುಂದೆ 6ನೇ ತಂತಿಯ 1ನೇ ಫ್ರೆಟ್, ಎಫ್. ಇಲ್ಲಿ ಬಿ ಸ್ವರ ತೀವ್ರ ಮಧ್ಯಮ ಆಗುತ್ತದೆ. ಎಫ್ ಅನ್ನು ಸ ಅಂತ ಇಟ್ಟುಕೊಂಡರೆ ನೀವು ಕಲ್ಯಾಣಿ ರಾಗದ ಬಾಗಿಲಲ್ಲಿ ನಿಂತಿದ್ದೀರಿ. ಕೊನೆಗೆ 6ನೇ ತಂತಿಯ 3ನೇ ಫ್ರೆಟ್, ಜಿ. ಈಗ ಡಿ, ಜಿ, ಬಿ ಮೂರೂ ಕಾರ್ಡಿನ ಸ್ವಂತ ಸ್ವರಗಳು, ಇ ಒಂದೇ ಹೊರಗಿನದು. ಹಿಡಿದಿಟ್ಟ ಉಸಿರು ಬಿಟ್ಟ ಹಾಗಾಗುತ್ತದೆ. ಮೇಲಿನ ನಾಲ್ಕು ತಂತಿಗಳು ಮಾತ್ರ ಇದ್ದಲ್ಲೇ ಇವೆ.

ಒಂದು ವಾರ ಇದನ್ನೇ ನುಡಿಸಿ. ಬೆಳಗ್ಗೆ ಕುಂದವಾಡ ಕೆರೆ ಏರಿ ಮೇಲೆ ಕೂತು ನಿಧಾನವಾಗಿ ನುಡಿಸಿ ನೋಡಿ, ಕಿವಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ. ಪ್ರತಿ ಬೇಸ್ ಬದಲಾದಾಗ ಯಾವ ತಂತಿ ಎಳೆಯುತ್ತಿದೆ, ಯಾವುದು ಆರಾಮಾಗಿದೆ ಅಂತ ಕಿವಿಗೊಟ್ಟು ಕೇಳಿ. ಎಳೆಯುವ ತಂತಿಯನ್ನು ಸ್ವಲ್ಪ ಗಟ್ಟಿಯಾಗಿ ಮೀಟಿ, ಉಳಿದವನ್ನು ಮೆತ್ತಗೆ. ಎಲ್ಲಾ ತಂತಿಗೂ ಒಂದೇ ಜೋರು ಕೊಡುವುದೇ ಪಾಠ ಒಪ್ಪಿಸಿದ ಹಾಗೆ ಕೇಳಿಸುವುದಕ್ಕೆ ಮುಖ್ಯ ಕಾರಣ.

ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿ ಇನ್ನೊಂದು ಅನುಕೂಲ ಇದೆ. ಸಿ ಅನ್ನು ಸ ಅಂತ ಇಟ್ಟುಕೊಂಡು ಸಿ, ಇ, ಜಿ, ಬಿ, ಡಿ ಇವನ್ನು ಸಾಲಾಗಿ ಜೋಡಿಸಿ: ಸ ರಿ ಗ ಪ ನಿ. ಅದು ಹಂಸಧ್ವನಿ ರಾಗ ಅಲ್ವಾ! ಮೇಜರ್ ನೈನ್ತ್ ಆರ್ಪೆಜಿಯೊದ ಐದು ಸ್ವರ, ಹಂಸಧ್ವನಿಯ ಐದು ಸ್ವರ ಒಂದೇ. ಆರ್ಪೆಜಿಯೊ ಒಂದು ಬಿಟ್ಟು ಒಂದು ಹತ್ತುತ್ತದೆ, ರಾಗ ಪಕ್ಕಪಕ್ಕದಲ್ಲಿ ನಡೆಯುತ್ತದೆ, ವ್ಯತ್ಯಾಸ ಅಷ್ಟೇ. ಹಾಗಾಗಿ ಆರ್ಪೆಜಿಯೊ ಹತ್ತುವಾಗ ಒಮ್ಮೆ ರಿಯಿಂದ ಗಕ್ಕೆ ಜಾರಿ, ಇನ್ನೊಮ್ಮೆ ನಿಯಿಂದ ಸಕ್ಕೆ ಏರಿ. ಕಾರ್ಡ್ ಕೆಡುವುದಿಲ್ಲ, ಆದರೆ ಕೇಳುವವರಿಗೆ ಅದು ಹಾಡಿನ ಸಾಲಾಗಿ ಕೇಳಿಸುತ್ತದೆ. ನಮ್ಮ ಕಡೆ ಸುಗಮ ಸಂಗೀತ, ಹಾರ್ಮೋನಿಯಂ ಕಲಿತ ಮಕ್ಕಳು ಗಿಟಾರ್‌ಗೆ ಬಂದರೆ ಈ ಜಾಗದಲ್ಲಿ ಬಹಳ ಬೇಗ ಮುಂದೆ ಹೋಗುತ್ತಾರೆ.

ಬ್ಯಾಂಡಿನಲ್ಲಿ ಇಬ್ಬರು ಗಿಟಾರಿಸ್ಟ್ ಇದ್ದೀರಿ ಅಂದಿರಲ್ಲ, ಅಲ್ಲಿಗೆ ಇದು. ನಿಮ್ಮ ಗೆಳೆಯರು ಎ ಮೈನರ್ ಬಾರಿಸುವಾಗ ನೀವೂ ಎ ಮೈನರ್ ನುಡಿಸಬೇಡಿ. ಆ ಕಾರ್ಡಿನ 3ನೇ ಸ್ವರ ಸಿ, ಅಲ್ಲಿಂದ ಶುರುವಾಗುವ ಸೆವೆಂತ್ ಬಿಡಿಸಿ, ಅಂದರೆ ಸಿ ಮೇಜರ್ ಸೆವೆಂತ್. ಇಬ್ಬರದೂ ಸೇರಿ ಎ ಮೈನರ್ ನೈನ್ತ್ ಆಗುತ್ತದೆ. ಅವರು ಎಫ್ ಬಾರಿಸಿದರೆ ನೀವು ಎ ಮೈನರ್ ಸೆವೆಂತ್. ಅವರು ಡಿ ಮೈನರ್ ಬಾರಿಸಿದರೆ ನೀವು ಎಫ್ ಮೇಜರ್ ಸೆವೆಂತ್. ಮೂಲ ಸ್ವರವನ್ನು ಬೇಸ್ ಗಿಟಾರ್ ಹೇಗೂ ಹಿಡಿದಿರುತ್ತದೆ, ನೀವು ಅದನ್ನೇ ಮತ್ತೆ ಹೇಳುವ ಅಗತ್ಯವಿಲ್ಲ. ಹೊಸ ಶೇಪ್ (ಬೆರಳಿಡುವ ಕ್ರಮ) ಹೆಚ್ಚು ಕಲಿಯದೆ, ಗೊತ್ತಿರುವ ಕಾರ್ಡುಗಳನ್ನೇ ಸ್ವಲ್ಪ ಬದಲಿಸಿ ಅರ್ಧ ಕೆಲಸ ಆಗುತ್ತದೆ.

ನಿಲ್ಲುವುದರ ಬಗ್ಗೆ ಒಂದು ಉದಾಹರಣೆ ಕೊಡುತ್ತೇನೆ. ಎ ಮೈನರ್ ಹಿಡಿದು 2ನೇ ತಂತಿಯ ಬೆರಳನ್ನು ಮಾತ್ರ ಎತ್ತಿ. 5ನೇ ತಂತಿ, 4ನೇ ತಂತಿ, 3ನೇ ತಂತಿ ಬಿಡಿಸಿ, 2ನೇ ತಂತಿ ಖಾಲಿ ಮೀಟಿ. ಅದು ಬಿ, ಅಂದರೆ 9. ಒಂದು ಪೂರ್ತಿ ಬೀಟ್ ಸುಮ್ನೆ ಬಿಡಿ. ಆಮೇಲೆ ಮತ್ತೆ ಮೀಟದೆ ತೋರುಬೆರಳನ್ನು 1ನೇ ಫ್ರೆಟ್ ಮೇಲೆ ಇಳಿಸಿ, ಬಿ ಹೋಗಿ ಸಿ ಬರುತ್ತದೆ. ಅರ್ಧ ಸ್ವರದ ಆ ಚಲನೆಯಲ್ಲಿ ಇರುವ ನೋವು ವೇಗವಾಗಿ ನುಡಿಸಿದ ಯಾವ ಆರ್ಪೆಜಿಯೊದಲ್ಲೂ ಸಿಗುವುದಿಲ್ಲ. ಸಿ ಮೇಜರ್‌ನಲ್ಲಾದರೆ ಡಿ ಮೇಲೆ ನಿಂತು ಇಗೆ ಹೋಗಬಹುದು, ಇಲ್ಲವೇ ಸಿಗೆ ಇಳಿಯಬಹುದು. ಎರಡರ ಭಾವ ಬೇರೆ ಬೇರೆ. ಹಾಡಿನ ಮಾತು ಏನು ಹೇಳುತ್ತಿದೆ ನೋಡಿ ಆರಿಸಿ.

11ನೇ ಸ್ವರದ ಹತ್ತಿರ ಜಾಗ್ರತೆ. ಮೇಜರ್ ಕಾರ್ಡಿನಲ್ಲಿ ಅದು 3ನೇ ಸ್ವರಕ್ಕೆ ಅರ್ಧ ಸ್ವರದ ದೂರದಲ್ಲಿದೆ, ಸಿ ಕಾರ್ಡಿನಲ್ಲಿ ಇ ಮತ್ತು ಎಫ್. ದಾಟಿ ಹೋಗಬಹುದು, ನಿಂತರೆ ಕಿವಿಗೆ ಕಿರಿಕಿರಿ. ಮೈನರ್‌ನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಧಾರಾಳವಾಗಿ ನಿಲ್ಲಿ.

ಹಾಡುವವರ ಹಿಂದೆ ನುಡಿಸುವಾಗ ಇನ್ನೊಂದು ವಿಷಯ ಬಹಳ ಮುಖ್ಯ. ಹಾಡುವವರು ಸಾಲು ಮುಗಿಸಿ ಸ ಮೇಲೆ ನಿಂತಾಗ, ನೀವು ನಿ ಅಂದರೆ ಮೇಜರ್ ಸೆವೆಂತ್ ಹಿಡಿದುಕೊಂಡಿದ್ದರೆ ಅವರ ಶ್ರುತಿಯೇ ತಪ್ಪಿದೆ ಅನ್ನಿಸುತ್ತದೆ. ತಪ್ಪು ಅವರದಲ್ಲ, ನಮ್ಮ ತಂತಿಯದು. ಇದಕ್ಕೊಂದು ಸುಲಭ ದಾರಿ ಇದೆ. ಸಿ ಮೇಜರ್ ನೈನ್ತ್‌ಗೆ ಇನ್ನೊಂದು ಶೇಪ್: 5ನೇ ತಂತಿ 3ನೇ ಫ್ರೆಟ್, 4ನೇ ತಂತಿ 2, 3ನೇ ತಂತಿ 4, 2ನೇ ತಂತಿ 3. ಎರಡು ತುದಿಯ ತಂತಿಗಳಲ್ಲಿ, ಅಂದರೆ 6 ಮತ್ತು 1ರಲ್ಲಿ, ಸದ್ದು ಬೇಡ. ಹಾಡುವವರು ಸಕ್ಕೆ ಬಂದ ಕೂಡಲೇ 3ನೇ ತಂತಿಯ ಕಿರುಬೆರಳು ಎತ್ತಿ, ತೋರುಬೆರಳನ್ನೇ 4 ಮತ್ತು 3ನೇ ತಂತಿಗಳ 2ನೇ ಫ್ರೆಟ್ ಮೇಲೆ ಮಲಗಿಸಿ. ಬಿ ಹೋಗಿ ಎ ಬಂತು, ನಿ ಹೋಗಿ ದ ಬಂತು. ಹಂಸಧ್ವನಿಯಿಂದ ಮೋಹನ ರಾಗಕ್ಕೆ ಬಂದಿರಿ. ಎಲ್ಲವೂ ತಣ್ಣಗಾಗುತ್ತದೆ.

ಈ ಶೇಪಿನಲ್ಲಿ ಖಾಲಿ ತಂತಿ ಇಲ್ಲ, ಹಾಗಾಗಿ ಇಡೀ ಕೈ ಸರಿಸಿದರೆ ಯಾವ ಶ್ರುತಿಗೆ ಬೇಕಾದರೂ ಬರುತ್ತದೆ. ಖಾಲಿ ತಂತಿಯ ಶೇಪಿಗೆ ಕೇಪೊ, ಅಂದರೆ ಎಲ್ಲಾ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿಹಿಡಿಯುವ ಕ್ಲಿಪ್, ಹಾಕಿ. ಹಾರ್ಮೋನಿಯಂನವರು ಬಿಳಿ ಎರಡು ಅಂದರೆ ಡಿ, ಕೇಪೊ 2ನೇ ಫ್ರೆಟ್‌ಗೆ.

ಕೀಬೋರ್ಡ್ ನುಡಿಸುವವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಅವರೂ ಎರಡು ಕೈಯಲ್ಲಿ 9, 13 ತುಂಬಿಸಿ, ನೀವೂ ತುಂಬಿಸಿದರೆ ಸ್ಪೀಕರಿನಲ್ಲಿ ಬರೀ ಗದ್ದಲ. ಹೈಸ್ಕೂಲ್ ಮೈದಾನದಂಥ ಬಯಲಲ್ಲಿ ದೊಡ್ಡ ಸೌಂಡ್ ಸಿಸ್ಟಮ್ ಇದ್ದರಂತೂ ಇನ್ನೂ ಜಾಸ್ತಿ. ಅವರು ಸಾದಾ ಕಾರ್ಡ್ ಹಿಡಿಯಲಿ, ಬಣ್ಣ ನೀವು ಹಾಕಿ. ಇಲ್ಲವೇ ತಿರುಗಾ ಮುರುಗಾ.

ಎಲೆಕ್ಟ್ರಿಕ್ ಗಿಟಾರ್ ಬಗ್ಗೆಯೂ ಕೇಳಿದ್ದಿರಿ. ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಹಾಕಿದಾಗ ತಂತಿಗಳನ್ನು ಒಟ್ಟಿಗೆ ಗುಂಯ್‌ಗುಡಲು ಬಿಡಬೇಡಿ, 7 ಮತ್ತು 9 ಪಕ್ಕದ ಸ್ವರಗಳ ಜೊತೆ ಸೇರಿ ಕಲಸಿಹೋಗುತ್ತವೆ. ಒಂದು ಸ್ವರ ಮೀಟಿದ ಮೇಲೆ ಹಿಂದಿನ ತಂತಿಯ ಬೆರಳನ್ನು ಸಡಿಲ ಮಾಡಿ, ಸದ್ದು ನಿಲ್ಲಲಿ. ಕ್ಲೀನ್ ಟೋನ್‌ನಲ್ಲಿ ಮಾತ್ರ ಪೂರ್ತಿ ತೆರೆದು ಬಿಡಿ. ನಿಮ್ಮ ಬ್ಯಾಂಡ್ ಈಗ ಅಭ್ಯಾಸ ಮಾಡುತ್ತಿರುವ ಹಾಡಿನ ಕಾರ್ಡುಗಳನ್ನು ಕೆಳಗೆ ಬರೆದರೆ, ಯಾವ ಸಾಲಿನಲ್ಲಿ ಯಾವ ಸ್ವರದ ಮೇಲೆ ನಿಲ್ಲಬಹುದು ಅಂತ ಖುಷಿಯಿಂದ ಬರೆದು ಹಾಕುತ್ತೇನೆ.