ಜೀನ್ ಟೆಸ್ಟ್ ಮಾಡಿಸಿದರೆ ಖಿನ್ನತೆಗೆ ಯಾವ ಮಾತ್ರೆ ಹಿಡಿಸುತ್ತದೆ ಎಂದು ಗೊತ್ತಾಗುತ್ತದೆಯೇ?

ತಮ್ಮನಿಗೆ ಎಸ್‌ಸಿಟಾಲೋಪ್ರಾಮ್‌ನಿಂದ ವಾಕರಿಕೆ, ನಡುಕ ಬಂದು ನಿಲ್ಲಿಸಬೇಕಾಯಿತು, ಈಗಿನ ಪ್ಯಾರಾಕ್ಸೆಟಿನ್ ಕೂಡ ಅಷ್ಟಕ್ಕಷ್ಟೆ, ಎಂಜಲು ಕೊಟ್ಟು ಮಾಡಿಸುವ ಜೀನ್ ಟೆಸ್ಟ್‌ನಿಂದ ಉಪಯೋಗವಿದೆಯೇ ಎಂದು ಕೇಳಿದ್ದೀರಿ. ಸ್ವಲ್ಪ ಇದೆ. ಆದರೆ ಆ ಟೆಸ್ಟ್ ಹೇಳುವುದು ದೇಹ ಮಾತ್ರೆಯನ್ನು ಎಷ್ಟು ಬೇಗ ಒಡೆದು ಹೊರಹಾಕುತ್ತದೆ ಎಂಬುದನ್ನು. ಮಾತ್ರೆಯಿಂದ ಖಿನ್ನತೆ ಇಳಿಯುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ರಿಪೋರ್ಟ್ ಬಂದ ಮೇಲೆ ಮಾತ್ರೆಗಳನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ ಪಟ್ಟಿಯನ್ನು ಬದಿಗಿಟ್ಟು, ಜೀನ್‌ಗಳ ಕೋಷ್ಟಕಕ್ಕೇ ಹೋಗಿ. ಹಸಿರು ಎಂದರೆ 'ಜೀನ್ ಕಡೆಯಿಂದ ತಕರಾರು ಕಾಣಲಿಲ್ಲ' ಎಂದಷ್ಟೇ ಅರ್ಥ. ನಿಮಗೆ ಬೇಕಾದ ಸಾಲುಗಳು ಎರಡು: ಸಿವೈಪಿ2ಸಿ19 ಮತ್ತು ಸಿವೈಪಿ2ಡಿ6. ಎರಡೂ ಮಾತ್ರೆಯನ್ನು ಒಡೆಯುವ ಲಿವರ್‌ನ ಕಿಣ್ವಗಳು. ಎಸ್‌ಸಿಟಾಲೋಪ್ರಾಮ್, ಸಿಟಾಲೋಪ್ರಾಮ್, ಸರ್ಟ್ರಾಲಿನ್‌ಗೆ ಮೊದಲನೆಯದು ಮುಖ್ಯ. ಪ್ಯಾರಾಕ್ಸೆಟಿನ್, ನಾರ್‌ಟ್ರಿಪ್ಟಿಲಿನ್‌ಗೆ ಎರಡನೆಯದು.

ನಕ್ಷತ್ರದ ಮುಂದಿನ ಅಂಕಿ ಜೀನ್‌ನ ಒಂದು ರೂಪದ ಹೆಸರು; ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವುದರಿಂದ ಎರಡು ಬರೆದಿರುತ್ತಾರೆ. 2ಸಿ19 ಸಾಲಿನಲ್ಲಿ *2/*2 ಎಂದಿದ್ದರೆ ಆ ಕಿಣ್ವ ಕೆಲಸ ಮಾಡುತ್ತಿಲ್ಲ. ಮಾತ್ರೆ ರಕ್ತದಲ್ಲಿ ಶೇಖರವಾಗಿ, ಮಾಮೂಲಿ ಡೋಸೇ ಹೆಚ್ಚಾಗುತ್ತದೆ. ಇಂಥವರಿಗೆ ಸಿಟಾಲೋಪ್ರಾಮ್ ದಿನಕ್ಕೆ 20 ಮಿ.ಗ್ರಾಂ. ಮೀರಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಿತಿ ಹಾಕಿದೆ. ಮೀರಿದರೆ ಹೃದಯದ ಬಡಿತದ ಲಯ ತಪ್ಪುವ ಭಯ. *17/*17 ಇದ್ದರೆ ತದ್ವಿರುದ್ಧ: ಮಾತ್ರೆ ಬೇಗ ಖಾಲಿಯಾಗಿ, ಸಾಕಷ್ಟು ಮಟ್ಟಕ್ಕೆ ಏರದೇ ಹೋಗಬಹುದು. ತಮ್ಮನ ವಾಕರಿಕೆಗೆ *2/*2 ಒಂದು ಕಾರಣವಾಗಿರಬಹುದು, ಆದರೆ ಮೊದಲ ಒಂದೆರಡು ವಾರ ವಾಕರಿಕೆ ಜೀನ್ ಸರಿಯಿದ್ದವರಿಗೂ ಬರುತ್ತದೆ.

ಹೆಚ್ಚಿನವರು ಎಡವುವುದು 2ಡಿ6 ವಿಷಯದಲ್ಲಿ. ಪ್ಯಾರಾಕ್ಸೆಟಿನ್ ತನ್ನನ್ನು ಒಡೆಯುವ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ರಿಪೋರ್ಟ್ 'ನಾರ್ಮಲ್' ಎಂದರೂ, ಆ ಮಾತ್ರೆ ನುಂಗುತ್ತಿರುವಷ್ಟು ಕಾಲ ದೇಹ ಕಿಣ್ವವಿಲ್ಲದವರ ಹಾಗೇ ವರ್ತಿಸುತ್ತದೆ. ಫ್ಲುಯೊಕ್ಸೆಟಿನ್, ಬುಪ್ರೊಪಿಯಾನ್ ಕೂಡ ಇದನ್ನೇ ಮಾಡುತ್ತವೆ, ಅದರಲ್ಲೂ ಫ್ಲುಯೊಕ್ಸೆಟಿನ್ ನಿಲ್ಲಿಸಿದ ಮೇಲೂ ಹಲವು ವಾರ. ಇದರ ಮೇಲೆ ನಾರ್‌ಟ್ರಿಪ್ಟಿಲಿನ್ ಸೇರಿಸಿದರೆ ಅದರ ಮಟ್ಟ ಏಕಾಏಕಿ ಏರುತ್ತದೆ. ಆದ್ದರಿಂದ ರಿಪೋರ್ಟ್ ಜೊತೆ ನಿಮ್ಮ ತಮ್ಮ ಸೇವಿಸುವ ಎಲ್ಲ ಔಷಧಗಳ ಪಟ್ಟಿಯೂ ಮನೋವೈದ್ಯರ ಮುಂದಿರಬೇಕು. ಟೆಸ್ಟ್‌ಗೋಸ್ಕರ ಮಾತ್ರೆ ನಿಲ್ಲಿಸಬೇಡಿ. ಜೀನ್ ಫಲಿತಾಂಶ ಅದರಿಂದ ಬದಲಾಗುವುದಿಲ್ಲ, ಪ್ಯಾರಾಕ್ಸೆಟಿನ್ ಥಟ್ಟನೆ ಬಿಟ್ಟರೆ ತಲೆಸುತ್ತು, ಕರೆಂಟ್ ಹೊಡೆದಂಥ ಜುಮ್ಮು ಬರುವುದು ಸಾಮಾನ್ಯ.

ದುಡ್ಡು ಕಟ್ಟುವ ಮೊದಲು ಲ್ಯಾಬ್‌ಗೆ ಕೇಳಿ: 2ಡಿ6ರಲ್ಲಿ ಜೀನ್ ಎಷ್ಟು ಪ್ರತಿಗಳಿವೆ ಎಂದು ಎಣಿಸುತ್ತೀರಾ? *5, *10 ಹುಡುಕುತ್ತೀರಾ? 2ಸಿ19ರಲ್ಲಿ *3 ಇದೆಯಾ? ರಿಪೋರ್ಟ್‌ನ *1 ಎಂದರೆ 'ನಾವು ಹುಡುಕಿದ್ದು ಯಾವುದೂ ಸಿಗಲಿಲ್ಲ' ಎಂದು. ಹುಡುಕದೇ ಬಿಟ್ಟದ್ದೂ ಅದೇ *1ರೊಳಗೆ ಸೇರಿಬಿಡುತ್ತದೆ. ಕಿಣ್ವವನ್ನು ದುರ್ಬಲಗೊಳಿಸುವ *10 ಏಷ್ಯಾ ಮೂಲದವರಲ್ಲಿ, ಅದರಲ್ಲೂ ಪೂರ್ವ ಏಷ್ಯಾದವರಲ್ಲಿ, ತೀರಾ ಸಾಮಾನ್ಯ. ಎಂಜಲು ಕೊಡುವ ಅರ್ಧ ಗಂಟೆ ಮೊದಲಿನಿಂದ ಊಟ, ಕಾಫಿ, ಸಿಗರೇಟು ಬೇಡ.

ಮೆದುಳಿನ ಸೆರೊಟೋನಿನ್‌ಗೆ ಸಂಬಂಧಿಸಿದ ಎಸ್‌ಎಲ್‌ಸಿ6ಎ4, ಎಚ್‌ಟಿಆರ್2ಎ ಎಂಬ ಜೀನ್‌ಗಳ ಸಾಲುಗಳೂ ಇರುತ್ತವೆ. ಸಿಪಿಕ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು 2023ರ ಮಾರ್ಗಸೂಚಿಯಲ್ಲಿ ಅವುಗಳ ಆಧಾರದ ಮೇಲೆ ಯಾವ ಶಿಫಾರಸನ್ನೂ ಕೊಡಲಿಲ್ಲ. ಫೋಲೇಟ್ ಬಳಕೆಗೆ ಸಂಬಂಧಿಸಿದ ಎಂಟಿಎಚ್‌ಎಫ್‌ಆರ್ ಜೀನ್‌ನ ಸಾಲನ್ನು ನಾನಂತೂ ಓದುವುದೇ ಇಲ್ಲ.

ನಿರೀಕ್ಷೆ ಎಷ್ಟಿರಬೇಕು? 2022ರಲ್ಲಿ ಪ್ರಕಟವಾದ ಪ್ರೈಮ್ ಕೇರ್ ಅಧ್ಯಯನದಲ್ಲಿ ಖಿನ್ನತೆಯಿದ್ದ 1,944 ಅಮೆರಿಕನ್ ಮಾಜಿ ಸೈನಿಕರಿದ್ದರು. ಟೆಸ್ಟ್ ನೋಡಿ ಔಷಧ ಕೊಟ್ಟ ಗುಂಪಿನಲ್ಲಿ ಹೊಂದಿಕೆಯಾಗದ ಮಾತ್ರೆಗಳ ಬಳಕೆ ಕಡಿಮೆಯಾಯಿತು. ಗುಣ ಕಂಡವರು 24 ವಾರಗಳ ಒಟ್ಟು ಲೆಕ್ಕದಲ್ಲಿ ತುಸು ಹೆಚ್ಚಿದ್ದರು. 24ನೇ ವಾರದಲ್ಲಿ ನೋಡಿದಾಗ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ.

ಹಾಗಾಗಿ ಮೊದಲು ಖರ್ಚು ಕಡಿಮೆಯ ಪ್ರಶ್ನೆಗಳನ್ನು ಮುಗಿಸಿ: ಪ್ಯಾರಾಕ್ಸೆಟಿನ್ ಪೂರ್ತಿ ಡೋಸ್‌ನಲ್ಲಿ 4ರಿಂದ 6 ವಾರ ಬಿಡದೆ ಹೋಗಿದೆಯಾ? ಥೈರಾಯ್ಡ್ ನೋಡಿದ್ದಾರಾ? ಕುಡಿತವಿದೆಯಾ? ಹಿಂದೆಂದಾದರೂ ನಿದ್ದೆಯೇ ಬೇಡವೆನಿಸುವ ಅತಿ ಹುರುಪಿನ ದಿನಗಳು ಇದ್ದವಾ? ಇದ್ದರೆ ಕಾಯಿಲೆಯ ಹೆಸರೇ ಬೇರೆ (ಬೈಪೋಲಾರ್) ಆಗಬಹುದು.

ಆಗ ಮನಸ್ಥಿತಿಯ ಏರಿಳಿತಕ್ಕೆ ಕೊಡುವ ಕಾರ್ಬಮಜೆಪಿನ್ ಮಾತ್ರೆಯ ಪ್ರಸ್ತಾಪ ಬಂದರೆ ಮಾತ್ರ ನನ್ನ ನಿಲುವು ಬೇರೆ. ಏಷ್ಯಾ ಮೂಲದವರಿಗೆ ಎಚ್‌ಎಲ್‌ಎ-ಬಿ*15:02 ಎಂಬ ಜೀನ್ ರೂಪ ಇದೆಯೇ ಎಂದು ನೋಡದೆ ಶುರು ಮಾಡಬಾರದು. ಅದು ಇರುವವರಲ್ಲಿ ಚರ್ಮ ಸುಲಿದು ಪ್ರಾಣಕ್ಕೆ ಕುತ್ತಾಗುವ ಸ್ಟೀವನ್ಸ್-ಜಾನ್ಸನ್ ಪ್ರತಿಕ್ರಿಯೆ ಬರುವ ಅಪಾಯ ಬಹಳ. ಟೆಸ್ಟ್ ನೆಗೆಟಿವ್ ಬಂದರೂ ಮೊದಲ ಕೆಲವು ತಿಂಗಳಲ್ಲಿ ಜ್ವರದ ಜೊತೆ ಗುಳ್ಳೆ, ಬಾಯಿಹುಣ್ಣು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.