ಗಿಟಾರ್‌ನ ಐದೂ ಪೆಂಟಾಟೋನಿಕ್ ಬಾಕ್ಸ್‌ಗಳನ್ನು ಒಂದು ತಿಂಗಳಲ್ಲಿ ಬಾಯಿಪಾಠ ಮಾಡುವುದು ಹೇಗೆ?

ಮಾಡಬೇಡಿ. ನೀವು ತಿಂಗಳು ಕೇಳಿದ್ದೀರಿ, ನಾನು ಮೂರೇ ವಾರದಲ್ಲಿ ಮುಗಿಸಿದ್ದೆ. ಆಮೇಲಿನ ಎಂಟು ತಿಂಗಳು ಹಾಳಾಗಿದ್ದು ಅದರಿಂದಲೇ.

ನಂದು ಎ ಮೈನರ್. ಎ, ಸಿ, ಡಿ, ಇ, ಜಿ, ಐದೇ ಸ್ವರ; ಇಂಥ ಐದು ಸ್ವರದ ಸ್ಕೇಲ್‌ಗೇ ಪೆಂಟಾಟೋನಿಕ್ ಅನ್ನೋದು. ಆ ಸ್ವರಗಳು ಗಿಟಾರ್‌ನ ಕತ್ತಿನ ಮೇಲೆ ಎಲ್ಲೆಲ್ಲಿವೆ ಅಂತ ತುಂಡು ತುಂಡಾಗಿ ತೋರಿಸುವ ಐದು ಆಕಾರಗಳೇ ಬಾಕ್ಸ್‌ಗಳು. ಬಾಕ್ಸ್‌ಗಳ ಚಿತ್ರ ಗೋಡೆಗೆ ಅಂಟಿಸಿ, ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೋನೋಮ್ ಹಚ್ಚಿ ಕೂರುತ್ತಿದ್ದೆ. 6ನೇ ತಂತಿಯ (ಅತಿ ದಪ್ಪನೆಯದು) 5ನೇ ಫ್ರೆಟ್‌ನಿಂದ (ಕತ್ತಿನ ಮೇಲೆ ಲೋಹದ ಪಟ್ಟಿಗಳಿಂದ ಆದ ಮನೆ) ಮೊದಲ ಬಾಕ್ಸ್, 8ರಿಂದ ಎರಡನೆಯದು, ಆಮೇಲೆ 10, 12, 15. ದಪ್ಪ ತಂತಿಯಿಂದ ತೆಳು ತಂತಿಗೆ ಹೋಗೋದು, ವಾಪಸ್ ಬರೋದು. ನಿಮಿಷಕ್ಕೆ 60 ಬಡಿತದ ವೇಗದಲ್ಲಿ ಶುರುಮಾಡಿ 140ಕ್ಕೆ ಮುಟ್ಟಿಸಿದೆ. ಬೆರಳುಗಳ ಓಟ ನೋಡಿ ನನಗೇ ಹೆಮ್ಮೆ.

ಒಂದು ಸಂಜೆ ಗೆಳೆಯ ಎ ಮೈನರ್ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬಾರಿಸುತ್ತಾ "ಏನಾದ್ರೂ ನುಡಿಸೋ" ಅಂದ. ಮೊದಲ ಬಾಕ್ಸ್‌ನಲ್ಲಿ ಇರೋವರೆಗೆ ಹೇಗೋ ನಡೆಯಿತು. ಮೂರನೆಯದಕ್ಕೆ ಜಾರಿದ್ದೇ ತಡ, ಏನು ನುಡಿಸಿದರೂ ಮಾತು ಅರ್ಧಕ್ಕೆ ನಿಲ್ಲಿಸಿದ ಹಾಗೆ. ಒಂದೂ ಅಪಸ್ವರ ಇಲ್ಲ, ಆದರೂ ಎಲ್ಲೂ ಕೂರುತ್ತಿಲ್ಲ. "ಎಲ್ಲಿಗೆ ಬಂದು ಇಳೀಬೇಕು ಅಂತ ನಿಂಗೇ ಗೊತ್ತಿಲ್ವಲ್ಲೋ" ಅಂದ.

ನನ್ನ ತಪ್ಪು ಇಷ್ಟೇ: ಪ್ರತಿ ಬಾಕ್ಸನ್ನೂ ಅದರ ಅತಿ ಕೆಳಗಿನ ಸ್ವರದಿಂದ ಶುರುಮಾಡಿ ಅಲ್ಲಿಗೇ ತಂದು ಮುಗಿಸುತ್ತಿದ್ದೆ. ಎರಡನೇ ಬಾಕ್ಸ್‌ನಲ್ಲಿ ಆ ಸ್ವರ ಸಿ, ಮೂರನೆಯದರಲ್ಲಿ ಡಿ. ದಿನಾ ಅಲ್ಲೇ ಹೊರಟು ಅಲ್ಲೇ ನಿಂತರೆ ಕಿವಿ ಅದನ್ನೇ ಷಡ್ಜ, ಅಂದರೆ ಆಧಾರದ ಸ, ಅಂದುಕೊಳ್ಳುತ್ತೆ. ನಮ್ಮ ಕರ್ನಾಟಕ ಸಂಗೀತದವರು ಗ್ರಹಭೇದ ಅನ್ನೋದು ಇದನ್ನೇ: ಸ್ವರಗಳು ಅವೇ, ಷಡ್ಜ ಬದಲಾದರೆ ರಾಗವೇ ಬದಲು. ಎ ಷಡ್ಜವಾದರೆ ಈ ಐದು ಸ್ವರ ಶುದ್ಧ ಧನ್ಯಾಸಿ. ಸಿ ಷಡ್ಜವಾದರೆ ಮೋಹನ, ಡಿ ಆದರೆ ಮಧ್ಯಮಾವತಿ, ಇ ಆದರೆ ಹಿಂದೋಳ, ಜಿ ಆದರೆ ಶುದ್ಧ ಸಾವೇರಿ. ಅಂದರೆ ಎಂಟು ತಿಂಗಳು ಐದು ರಾಗದ ಸ್ವರಸ್ಥಾನ ತಿರುವಿ ಹಾಕಿ, ಒಂದೇ ಸ್ಕೇಲ್ ಕಲಿತೆ ಅಂದುಕೊಂಡಿದ್ದೆ! ಹಿಂದೆ ಎ ಮೈನರ್ ಕಾರ್ಡ್ ಮೊಳಗುತ್ತಿದೆ, ನನ್ನ ಬೆರಳು ಹೋಗಿ ಡಿ ಮೇಲೆ ಕೂತು "ಮುಗೀತು" ಅನ್ನುತ್ತಿದೆ. ಹೇಗೆ ಮುಗಿಯುತ್ತೆ?

ಬಾಕ್ಸ್‌ನ ಆಕಾರ ಗೊತ್ತಿತ್ತು, ಅದರೊಳಗೆ ಎ ಎಲ್ಲಿದೆ ಅನ್ನೋದು ಗೊತ್ತಿರಲಿಲ್ಲ. ಎರಡನೇ ಬಾಕ್ಸ್‌ನಲ್ಲಿ ಅದು 4ನೇ ತಂತಿಯ 7ರಲ್ಲಿ ಮತ್ತು 2ನೇ ತಂತಿಯ 10ರಲ್ಲಿ ಇದೆ. ದಿನಾ ಹತ್ತಾರು ಸಲ ಅದನ್ನು ದಾಟಿ ಹೋಗಿದ್ದೆ, ಒಮ್ಮೆಯೂ ಗುರುತಿಸಿರಲಿಲ್ಲ.

ಹಾಗಾಗಿ ಒಂದೇ ಬಾಕ್ಸ್ ಇಟ್ಟುಕೊಳ್ಳಿ. ಐದನೇ ತಂತಿಯನ್ನು ಖಾಲಿ ಬಿಟ್ಟು ಮೀಟಿ, ಅದೇ ಎ, ಅದೇ ನಿಮ್ಮ ಶ್ರುತಿ. ಅದು ಮೊಳಗುತ್ತಿರುವಾಗ ತೆಳು ತಂತಿಗಳ ಮೇಲೆ ನಾಲ್ಕೈದು ಸ್ವರ ನುಡಿಸಿ, ಎಗೆ ಬಂದು ನಿಲ್ಲಿ. ಆಮೇಲೆ ಫ್ರೆಟ್‌ಬೋರ್ಡ್ ತುಂಬ ಎ ಹುಡುಕಿ. 6ನೇ ತಂತಿಯ 5ರಿಂದ ಎರಡು ತಂತಿ ಆಚೆ, ಎರಡು ಫ್ರೆಟ್ ಮುಂದೆ: 4ನೇ ತಂತಿಯ 7. ಅಲ್ಲಿಂದ ಇನ್ನೆರಡು ತಂತಿ ದಾಟಿದರೆ ಮಾತ್ರ ಮೂರು ಫ್ರೆಟ್ ಮುಂದೆ ಹೋಗಬೇಕು. ಅಕ್ಕಪಕ್ಕದ ಉಳಿದ ತಂತಿಗಳ ನಡುವೆ ಸ್ವರದಲ್ಲಿ ಐದು ಫ್ರೆಟ್‌ನಷ್ಟು ಅಂತರ, 3 ಮತ್ತು 2ನೇ ತಂತಿಗಳ ನಡುವೆ ನಾಲ್ಕೇ. ಬಾಕ್ಸ್‌ಗಳೆಲ್ಲ ಆ ಜಾಗದಲ್ಲಿ ಸೊಟ್ಟಗಾಗೋದೂ ಇದಕ್ಕೇ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಚಿತ್ರದಲ್ಲೇ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಎರಡನೇ ಬಾಕ್ಸ್ ಆಮೇಲೆ. ಮೊದಲನೆಯದರ ಬಲಮಗ್ಗುಲೇ ಅದರ ಎಡಮಗ್ಗುಲು, ಅರ್ಧ ಆಗಲೇ ಬಂದಿರುತ್ತೆ. ಆ್ಯಪ್ ಒಳ್ಳೇದಾ ಚಾರ್ಟ್ ಒಳ್ಳೇದಾ ಅಂತಲೂ ಕೇಳಿದ್ದೀರಿ. ಯಾವುದಾದರೂ ಆಗುತ್ತೆ, ಅದರಲ್ಲಿ ಎ ಇರುವ ಚುಕ್ಕಿಗಳಿಗೆ ಬೇರೆ ಬಣ್ಣ ಇರಲಿ. ಮೆಟ್ರೋನೋಮ್ ಸದ್ಯಕ್ಕೆ ಮುಟ್ಟಬೇಡಿ. ವೇಗದಲ್ಲಿ ಕೂತ ಚಾಳಿ ಬಿಡಿಸೋದು ಕಷ್ಟ. ನನ್ನ ತೋರುಬೆರಳು ಇವತ್ತಿಗೂ 10ನೇ ಫ್ರೆಟ್ ಹತ್ತಿರ ಹೋದರೆ ಮೊದಲು ಡಿ ಮೇಲೇ ಕೂರುತ್ತೆ.